ಒದ್ದೆ ನೆಲದ ಪುಟ್ಟ ಕಳೆಗಿಡಗಳು: ದಳವೇ ಕಾಣದ ಈ ಹೂಚೆಂಡುಗಳನ್ನು ಗುರುತಿಸುವುದು ಹೇಗೆ?

ತೋಡಿನಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾಲುವೆಯ ಹೂಳೆತ್ತಿ ದಡಕ್ಕೆ ಸುರಿದ, ಇನ್ನೂ ತೇವ ಆರದ ಮಣ್ಣಿನ ಮೇಲೆ ಹಲವು ಬಗೆಯ ಪುಟ್ಟ ಗಿಡಗಳು ಒತ್ತೊತ್ತಾಗಿ ಬೆಳೆದಿವೆ. ಇವು ಸೇವಂತಿಗೆ ಅಥವಾ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದವೆಂದು ನನಗೆ ತೋರುತ್ತದೆ. ಫೋನಿನ ಆ್ಯಪ್‌ಗೆ ಒಂದೇ ಗಿಡದ ಬೇರೆ ಬೇರೆ ಚಿತ್ರಗಳನ್ನು ತೋರಿಸಿದರೆ ಅದು ಬೇರೆ ಬೇರೆ ಹೆಸರುಗಳನ್ನು ಹೇಳುತ್ತಿರುವುದರಿಂದ, ಬಲ್ಲವರನ್ನೇ ಕೇಳೋಣವೆಂದು ಬರೆಯುತ್ತಿದ್ದೇನೆ.

ಮೊದಲನೆಯದರಲ್ಲಿ ಎಲೆಗಳು ಎದುರುಬದುರಾಗಿವೆ, ಉದ್ದವಾಗಿವೆ, ಮುಟ್ಟಿದರೆ ಒರಟು. ಬಿಳಿಯ ಸಣ್ಣ ಹೂಚೆಂಡಿನ ಅಂಚಿನಲ್ಲಿ ದಾರದಂತಹ ಬಿಳಿ ಎಸಳುಗಳು ತುಂಬ ಇವೆ. ಇದು ಗರುಗವೆಂದು ನನ್ನ ಊಹೆ. ಎರಡನೆಯದು ನೆಲಕ್ಕೆ ಅಂಟಿ ಹರಡುತ್ತದೆ. ಎಲೆ ಒಂದು ಸೆಂಟಿಮೀಟರಿನ ಆಸುಪಾಸು, ಬುಡದಲ್ಲಿ ಕಿರಿದಾಗಿ ತುದಿಯಲ್ಲಿ ಅಗಲವಾಗಿ, ಒಂದೆರಡು ಹಲ್ಲುಗಳನ್ನು ಹೊಂದಿದೆ. ಎಲೆಯ ಕಂಕುಳಿನಲ್ಲಿ ತೊಟ್ಟೇ ಇಲ್ಲದ ಹಸಿರು ಮಿಶ್ರಿತ ಹಳದಿ ಗುಂಡುಗಳು ಕುಳಿತಿವೆ. ಮೂರನೆಯದರ ಎಲೆ ಬಹಳ ನಯವಾಗಿ ಸೀಳಿಕೊಂಡಿದೆ. ನೂಲಿನಷ್ಟು ತೆಳುವಾದ ಉದ್ದ ತೊಟ್ಟಿನ ತುದಿಯಲ್ಲಿ ಮಾಸಲು ಬಿಳಿಯ, ಚಪ್ಪಟೆಯಾದ ಪುಟ್ಟ ಗುಂಡಿ ಇದೆ. ನಾಲ್ಕನೆಯದು ಸ್ವಲ್ಪ ದೊಡ್ಡದು. ಎಲೆ ಮೆತ್ತಗೆ, ರೋಮಮಯ, ಆಳವಾಗಿ ಹಾಲೆಗಳಾಗಿ ಕಡಿದಂತಿದ್ದು, ಬಟಾಣಿ ಗಾತ್ರದ ಹಳದಿ ಚೆಂಡುಗಳನ್ನು ಬಿಟ್ಟಿದೆ. ಹೂ ಬಿಡದ ಹಂತದಲ್ಲಿ ಈ ಮೂರನೆಯ ಮತ್ತು ನಾಲ್ಕನೆಯ ಗಿಡಗಳು ಪಾರ್ಥೇನಿಯಂ ಸಸಿಗಳ ನಡುವೆ ಬೆರೆತುಹೋಗುತ್ತವೆ. ಇವುಗಳ ಜೊತೆಗೆ ಗರುಗದ ಪಕ್ಕದಲ್ಲೇ ಎದುರುಬದುರು ಎಲೆಯ ಇನ್ನೊಂದು ಗಿಡವಿದೆ. ಅದರ ಗಿಣ್ಣುಗಳಲ್ಲಿ ಬೆಳ್ಳಗೆ ಹೊಳೆಯುವ ಗುಂಡನೆಯ ಗೊಂಚಲುಗಳಿವೆ. ಅದೂ ಇದೇ ಕುಟುಂಬವೇ?

ಹೆಸರುಗಳಿಗಿಂತ ಹೆಚ್ಚಾಗಿ, ಯಾವ ಭಾಗವನ್ನು ಯಾವ ಕ್ರಮದಲ್ಲಿ ನೋಡಬೇಕೆಂದು ತಿಳಿಸಿದರೆ ಮುಂದೆಯೂ ಉಪಯೋಗವಾಗುತ್ತದೆ. ನನ್ನ ಬಳಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಕನ್ನಡಿಯೊಂದಿದೆ.

ಕಿರುಹೂ

ಭೂತಕನ್ನಡಿ ಇರುವುದರಿಂದ ಅರ್ಧ ಕೆಲಸ ಆದಂತೆಯೇ. ನಿಮ್ಮ ಕೊನೆಯ ಗಿಡದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಜಾತಿಯನ್ನು ಹುಡುಕುವ ಮೊದಲು ಕುಟುಂಬವನ್ನು ಖಚಿತಪಡಿಸಿಕೊಳ್ಳಬೇಕು.

ಸೇವಂತಿಗೆಯ ಕುಟುಂಬ, ಅಂದರೆ ಆಸ್ಟರೇಸೀ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಬೃಹತ್ ಕುಟುಂಬ. ನಾವು ಒಂದು ಹೂವೆಂದು ಕರೆಯುವುದು ಇಲ್ಲಿ ಹಲವು ಕಿರುಹೂಗಳ ಸಮೂಹ. ಸಸ್ಯಶಾಸ್ತ್ರದ ಬರಹಗಳಲ್ಲಿ ಇದನ್ನು ಚೆಂಡುಮಂಜರಿ ಎನ್ನುತ್ತಾರೆ. ನಿಮ್ಮಂತೆ ನಾನೂ ಹೂಚೆಂಡು ಎನ್ನುತ್ತೇನೆ. ಆದರೆ ಹೂಗಳು ಚೆಂಡಿನಂತೆ ಗುಂಪಾಗಿದ್ದ ಮಾತ್ರಕ್ಕೆ ಅದು ಈ ಕುಟುಂಬ ಎನ್ನಲಾಗದು. ಈ ಮೂರು ಲಕ್ಷಣಗಳು ಒಟ್ಟಿಗೆ ಇರಬೇಕು: ಇಡೀ ಚೆಂಡನ್ನು ಕೆಳಗಿನಿಂದ ಸುತ್ತುವರಿದು ಹಿಡಿದ ಹಸಿರು ಪತ್ರಗಳ ಬಳೆ, ಪ್ರತಿ ಕಿರುಹೂವಿನ ದಳಗಳ ಬುಡಕ್ಕಿಂತ ಕೆಳಗೆ ಇರುವ ಅಂಡಾಶಯ, ಮತ್ತು ಒಂದಕ್ಕೊಂದು ಅಂಟಿಕೊಂಡು ಕೊಳವೆಯಾಗಿ ಶಲಾಕೆಯನ್ನು (ಅಂಡಾಶಯದಿಂದ ಮೇಲೇಳುವ ಕಡ್ಡಿಯನ್ನು) ಸುತ್ತುವ ಪರಾಗಕೋಶಗಳು. ಮೊದಲ ಎರಡನ್ನು ನಿಮ್ಮ ಭೂತಕನ್ನಡಿಯಲ್ಲಿ ಸುಲಭವಾಗಿ ನೋಡಬಹುದು. ಮೂರನೆಯದಕ್ಕೆ ಸೂಜಿಯೂ ತಾಳ್ಮೆಯೂ ಬೇಕು.

ಗಿಣ್ಣಿನಲ್ಲಿ ಬೆಳ್ಳಗೆ ಹೊಳೆಯುವ ಗೊಂಚಲು ಇರುವ ನಿಮ್ಮ ಗಿಡ ಹೊನಗೊನ್ನೆ ಇರಬೇಕು. ಅದು ದಂಟಿನ ಕುಟುಂಬದ್ದು. ಗೊಂಚಲೊಂದನ್ನು ಬಿಡಿಸಿ ನೋಡಿ. ಒಣ ಕಾಗದದಂತೆ ಸರಸರ ಎನ್ನುವ, ತೆಳುವಾದ, ಒಂದೇ ತೆರನ ಐದು ಬಿಳಿ ಎಸಳುಗಳ ಒಳಗೆ ಅಂಡಾಶಯ ಕುಳಿತಿರುತ್ತದೆ, ಎಸಳುಗಳ ಕೆಳಗಲ್ಲ. ಗೊಂಚಲನ್ನು ಸುತ್ತುವ ಹಸಿರು ಬಳೆಯೂ ಇರುವುದಿಲ್ಲ. ಇದೇ ರೀತಿ ಒದ್ದೆ ನೆಲದಲ್ಲಿ ಹರಡುವ ಇನ್ನೊಂದು ಗಿಡ ಫೈಲಾ ನೋಡಿಫ್ಲೋರಾ. ಅದರ ಎಲೆಗೆ ತುದಿಯ ಅರ್ಧದಲ್ಲಿ ಮಾತ್ರ ಹಲ್ಲುಗಳಿದ್ದು, ಉದ್ದ ತೊಟ್ಟಿನ ಮೇಲೆ ಗುಂಡನೆಯ ತಲೆ ಇರುತ್ತದೆ. ಎಳೆಯದರಲ್ಲಿ ನೋಡಿದರೆ ಸೇವಂತಿಗೆಯ ಬಂಧುವೆಂದೇ ಅನಿಸುತ್ತದೆ. ದಿನ ಕಳೆದಂತೆ ಆ ತಲೆ ಉದ್ದಕ್ಕೆ ಬೆಳೆದು ಸಿಲಿಂಡರಿನಾಕಾರ ತಾಳುವುದೇ ಅದರ ಗುಟ್ಟನ್ನು ಬಿಟ್ಟುಕೊಡುತ್ತದೆ.

ಇನ್ನು ಮೊದಲನೆಯದು. ಒರಟಾದ ಅಭಿಮುಖ (ಎದುರುಬದುರು) ಎಲೆಗಳು, ಬಿಳಿ ಹೂಚೆಂಡು, ಒಂದಲ್ಲ ಎರಡು ಸುತ್ತು ತುಂಬಿದ ಕಿರಿದಾದ ಬಿಳಿ ಎಸಳುಗಳು: ಇವೆಲ್ಲವೂ ಗರುಗಕ್ಕೆ, ಅಂದರೆ ಎಕ್ಲಿಪ್ಟಾ ಪ್ರೊಸ್ಟ್ರೇಟಾಕ್ಕೆ ಹೊಂದುತ್ತವೆ. ಖಚಿತಪಡಿಸಿಕೊಳ್ಳಲು ಚೆಂಡಿನ ನಡುವೆ ನೋಡಿ. ನಡುವಿನ ಕಿರುಹೂಗಳೂ ಬಿಳಿಯಾಗಿದ್ದು, ಸಾಮಾನ್ಯವಾಗಿ ನಾಲ್ಕು ಹಾಲೆಗಳಾಗಿ ತೆರೆದಿರುತ್ತವೆ. ನಡುವೆ ಹಳದಿ ಇದ್ದು ಅಂಚಿನಲ್ಲಿ ಐದೇ ಐದು ಬಿಳಿ ಎಸಳುಗಳಿದ್ದು, ಪ್ರತಿಯೊಂದರ ತುದಿ ಮೂರಾಗಿ ಸೀಳಿದ್ದರೆ ಅದು ಗ್ಯಾಲಿನ್ಸೋಗಾ. ಅದೂ ಕಲಕಿದ ತೇವದ ಮಣ್ಣನ್ನೇ ಹುಡುಕಿಕೊಂಡು ಬರುವ ಗಿಡ, ಎಲೆಗಳೂ ಅಭಿಮುಖ. ಟ್ರೈಡ್ಯಾಕ್ಸ್‌ಗೂ ಗರುಗಕ್ಕೂ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ, ಆದರೆ ಟ್ರೈಡ್ಯಾಕ್ಸ್ ಹೆಚ್ಚಾಗಿ ಒಣ ನೆಲದ್ದು. ಅದರ ಹೂಚೆಂಡು ಗೇಣುದ್ದದ ಒಂಟಿ ತೊಟ್ಟಿನ ಮೇಲೆ ನಿಂತಿರುತ್ತದೆ, ಕಾಯಿಗೆ ಗರಿಯಂತಹ ರೋಮದ ಕುಚ್ಚು ಇರುತ್ತದೆ. ಗರುಗದ ಕಾಯಿಯಲ್ಲಿ ಅಂತಹ ಕುಚ್ಚು ಇರುವುದೇ ಇಲ್ಲ.

ಗರುಗದ ಎಸಳು ಉದುರಿದ ಮೇಲೆ ಏನಾಗುತ್ತದೆಂಬುದನ್ನೂ ಗಮನಿಸಿ. ಹೊರಗಿನ ಹಸಿರು ಪತ್ರಗಳು ಹಿಗ್ಗಿ ಅಗಲವಾಗುತ್ತವೆ, ಅವುಗಳ ನಡುವೆ ಕಾಯಿಗಳು ಒತ್ತಾಗಿ ಜೋಡಿಸಿಕೊಂಡು ಹಸಿರು ತಟ್ಟೆಯಂತೆ ಕಾಣುತ್ತವೆ. ಆ ಹಂತದ ಗಿಡವನ್ನು ಕಂಡು ಇದು ದಳವಿಲ್ಲದ ಬೇರೆ ಪ್ರಭೇದವೆಂದು ಭಾವಿಸುವುದುಂಟು. ಬಲಿತ ಕಾಯಿಯನ್ನು ಭೂತಕನ್ನಡಿಯಲ್ಲಿ ನೋಡಿದರೆ ಮೈಮೇಲೆ ಗಂಟುಗಂಟಾದ ಉಬ್ಬುಗಳು ಕಾಣುತ್ತವೆ. ಅದಕ್ಕಿಂತ ಒಳ್ಳೆಯ ಗುರುತು ಈ ಗಿಡಕ್ಕೆ ಬೇರೊಂದಿಲ್ಲ.

ಎರಡನೆಯದು ನೀವು ವಿವರಿಸಿದ ರೀತಿಯಲ್ಲಿದ್ದರೆ ಸೆಂಟಿಪೀಡಾ ಮಿನಿಮಾ ಎನ್ನಬಹುದು. ಪರ್ಯಾಯವಾಗಿ, ಅಂದರೆ ಗಿಣ್ಣಿಗೊಂದರಂತೆ, ಜೋಡಿಸಿಕೊಂಡ ಪುಟ್ಟ ಎಲೆಗಳು, ತುದಿಯ ಭಾಗದಲ್ಲಿ ಪ್ರತಿ ಬದಿಗೆ ಒಂದೆರಡು ಹಲ್ಲು, ಕಂಕುಳಿನಲ್ಲಿ ತೊಟ್ಟಿಲ್ಲದೆ ಒಂಟಿಯಾಗಿ ಕುಳಿತ, ಮೂರು ನಾಲ್ಕು ಮಿಲಿಮೀಟರಿನ ಗುಂಡು. ಇಷ್ಟೂ ಒಟ್ಟಿಗೆ ಸಿಗುವ ಗಿಡಗಳು ಬಹಳ ಇಲ್ಲ. ಗುಂಡಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹೆಣ್ಣು ಕಿರುಹೂಗಳು ಹಲವು ಸಾಲುಗಳಲ್ಲಿರುತ್ತವೆ. ನಡುವೆ ಸ್ವಲ್ಪ ದೊಡ್ಡ ದ್ವಿಲಿಂಗಿ ಕಿರುಹೂಗಳು ನಾಲ್ಕು ಹಾಲೆಗಳಲ್ಲಿ ಬಾಯಿ ತೆರೆದಿರುತ್ತವೆ. ಎಲ್ಲಿಯೂ ಎಸಳು ಇಲ್ಲದಿರುವುದಕ್ಕೆ ಕಾರಣ ಅವು ಉದುರಿಹೋದದ್ದಲ್ಲ, ಅವು ಇದ್ದದ್ದೇ ಇಲ್ಲ. ಎಲೆಯನ್ನು ಹಿಸುಕಿದರೆ ಕಟುವಾದ ವಾಸನೆ ಬರುತ್ತದೆ, ಸೀನು ತರಿಸುವ ಗಿಡವೆಂದೇ ಇದು ಹಲವು ಕಡೆ ಹೆಸರಾಗಿದೆ.

ಒಣಹಾಳೆ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಮೂರನೆಯ ಗಿಡದ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ತಪ್ಪು ಹೆಸರು ಅಂಟಿಕೊಳ್ಳುವ ಸಂಭವ ಅಲ್ಲಿಯೇ ಹೆಚ್ಚು.

ನಯವಾಗಿ ಸೀಳಿದ ಎಲೆ, ನೂಲಿನಂತಹ ತೊಟ್ಟು, ಎಸಳಿಲ್ಲದ ಚಪ್ಪಟೆ ಗುಂಡಿ ಎಂದಾಗ ಮೊದಲು ನೆನಪಿಗೆ ಬರುವುದು ಕೊಟುಲಾ ಕುಲ. ಅದರಲ್ಲೂ ಕೊಟುಲಾ ಆಸ್ಟ್ರಾಲಿಸ್ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಮೂಲದ್ದಾಗಿದ್ದು, ಇಂದು ಲೋಕದ ಬೇರೆ ಬೇರೆ ಭಾಗಗಳ ತೋಟ, ಕಾಲುದಾರಿ, ಕುಂಡಗಳ ಮಣ್ಣಿನಲ್ಲಿ ನೆಲೆಸಿದೆ. ಕೊಟುಲಾ ಆಂಥೆಮಾಯ್ಡಿಸ್ ಇನ್ನೊಂದು. ಅದೂ ನೀರು ಇಳಿದ ಮಣ್ಣಿನಲ್ಲಿ ಬೆಳೆಯುತ್ತದೆ. ಎಲೆಯ ಸೀಳಿನ ಸೂಕ್ಷ್ಮತೆಯಿಂದ ಇವೆರಡನ್ನು ಬೇರ್ಪಡಿಸಲು ಹೊರಟರೆ ನಿರಾಸೆಯೇ ಗತಿ. ಮಣ್ಣು ಸಾರವಾಗಿದ್ದು ನೀರು ಯಥೇಚ್ಛವಾಗಿದ್ದರೆ ಎಲೆ ಉದ್ದವಾಗಿ ಸಡಿಲವಾಗುತ್ತದೆ, ಬಿಸಿಲಿಗೆ ಮಣ್ಣು ಬಿಗಿದುಕೊಂಡ ಕಡೆ ಅದೇ ಗಿಡ ಒಂದೆರಡು ಸೆಂಟಿಮೀಟರಿನಲ್ಲೇ ಹೂ ಬಿಟ್ಟು ಮುಗಿಸುತ್ತದೆ. ಕಲಕಿದ ನೆಲದಲ್ಲಿ ಬದುಕುವ ಅಲ್ಪಾಯುಷಿ ಗಿಡಗಳಿಗೆಲ್ಲ ಈ ಸ್ವಭಾವವಿದೆ. ಆದ್ದರಿಂದಲೇ ಗಿಡದ ಎತ್ತರ, ಎಲೆಯ ಗಾತ್ರ, ಕವಲುಗಳ ಸಂಖ್ಯೆ ಇವುಗಳಿಗೆ ನಾನು ಬೆಲೆ ಕೊಡುವುದು ಕಡಿಮೆ. ಆ್ಯಪ್‌ಗಳು ನಿಮ್ಮನ್ನು ಅಲೆದಾಡಿಸುವುದೂ ಇದೇ ಕಾರಣಕ್ಕೆ ಎಂದು ನನ್ನ ಅಭಿಪ್ರಾಯ: ಚಿತ್ರದಲ್ಲಿ ಢಾಳಾಗಿ ಕಾಣುವುದು ಎಲೆ, ಗುರುತು ಹಿಡಿಸುವುದು ಒಂದು ಮಿಲಿಮೀಟರಿನ ಕಾಯಿ.

ಹಾಗಾದರೆ ಕಾಯಿಯಲ್ಲಿ ಏನಿದೆ? ಕೊಟುಲಾದ ಬಲಿತ ಗುಂಡಿಯೊಂದನ್ನು ಬಿಳಿ ಕಾಗದದ ಮೇಲೆ ಬೆರಳಿನಿಂದ ಮೆಲ್ಲಗೆ ಉಜ್ಜಿ ಬಿಡಿಸಿ. ಅಂಚಿನ ಹೆಣ್ಣು ಕಿರುಹೂಗಳಿಗೆ ದಳಗಳೇ ಇರುವುದಿಲ್ಲ. ಪ್ರತಿಯೊಂದೂ ತನ್ನದೇ ಆದ ಪುಟ್ಟ ತೊಟ್ಟಿನ ಮೇಲೆ ನಿಂತಿರುತ್ತದೆ. ಆ ತೊಟ್ಟು ಕಾಯಿ ಉದುರಿದ ಮೇಲೂ ಪೀಠದ (ಕಿರುಹೂಗಳು ಕೂರುವ ಚೆಂಡಿನ ತಳದ) ಮೇಲೆ ಉಳಿದು, ಅಂಚಿನ ಸುತ್ತಲೂ ಸಣ್ಣ ಮೊಳೆಗಳನ್ನು ನೆಟ್ಟಂತೆ ಕಾಣುತ್ತದೆ. ಹೊರಸುತ್ತಿನ ಕಾಯಿ ಚಪ್ಪಟೆಯಾಗಿದ್ದು, ಅದರ ಎರಡೂ ಬದಿಗೆ ರೆಕ್ಕೆಯಂತಹ ದಪ್ಪ ಅಂಚಿರುತ್ತದೆ. ನಡುವಿನ ಕಾಯಿಗಳು ಚಿಕ್ಕವು, ರೆಕ್ಕೆ ಇಲ್ಲದವು. ಯಾವುದಕ್ಕೂ ಪ್ಯಾಪಸ್, ಅಂದರೆ ಕಾಯಿಯ ತಲೆಯ ರೋಮದ ಕುಚ್ಚು, ಇರುವುದಿಲ್ಲ. ಈ ತೊಟ್ಟುಳ್ಳ ಅಂಚುಕಾಯಿ ಸಿಕ್ಕಿದರೆ ಕೊಟುಲಾ ಕುಲವೆಂಬ ದಾರಿ ಸ್ಪಷ್ಟವಾಗುತ್ತದೆ.

ಇದರ ಹತ್ತಿರದ ಬಂಧು ಸೋಲಿವಾ. ದಕ್ಷಿಣ ಅಮೆರಿಕದಿಂದ ಬಂದ ಈ ಕುಲದ ಎಲೆ ಕೊಟುಲಾಕ್ಕೆ ಎಷ್ಟು ಹತ್ತಿರವೆಂದರೆ ಹೂವಿಲ್ಲದಾಗ ಬೇರ್ಪಡಿಸಲು ನಾನು ಪ್ರಯತ್ನಿಸುವುದೇ ಇಲ್ಲ. ಹೂ ಬಿಟ್ಟಾಗ ಗೊಂದಲವಿಲ್ಲ. ಸೋಲಿವಾದ ಹೂಚೆಂಡಿಗೆ ತೊಟ್ಟಿಲ್ಲ, ಎಲೆಗಳ ನಡುವೆ ಹುದುಗಿ ಕುಳಿತಿರುತ್ತದೆ. ಸೋಲಿವಾ ಆಂಥೆಮಿಫೋಲಿಯಾದಲ್ಲಿ ಚೆಂಡುಗಳೆಲ್ಲ ಗಿಡದ ಬುಡದಲ್ಲಿ, ನೆಲಕ್ಕೆ ತಾಗಿದಂತೆ ಗುಂಪಾಗಿರುತ್ತವೆ. ಹೂ ಮುಗಿದ ಮೇಲೂ ಶಲಾಕೆ ಉದುರದೆ ಗಟ್ಟಿಯಾಗಿ ಕಾಯಿಯ ತುದಿಯಲ್ಲಿ ಮುಳ್ಳಾಗಿ ನಿಲ್ಲುತ್ತದೆ. ಹುಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆದವರಿಗೆ ಸೋಲಿವಾ ಸೆಸಿಲಿಸ್‌ನ ಆ ಮುಳ್ಳಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ನಿಮ್ಮ ಗಿಡದಲ್ಲಿ ಉದ್ದ ತೊಟ್ಟಿದೆ ಎಂದಿರುವುದರಿಂದ ಸೋಲಿವಾ ಅಲ್ಲ.

ಮುಂಡಿಗಿಡ

ನಾಲ್ಕನೆಯದಕ್ಕೆ ಚಿಕ್ಕದಾಗಿ ಉತ್ತರಿಸುತ್ತೇನೆ. ಬಟಾಣಿ ಗಾತ್ರದ ಹಳದಿ ಚೆಂಡು, ಅಂಚಿನಲ್ಲಿ ಎಸಳಿಲ್ಲ, ಎಲೆ ಮೆತ್ತಗೆ, ಬುಡದತ್ತ ಸಾಗಿದಂತೆ ಹಾಲೆಗಳು ಚಿಕ್ಕದಾಗುತ್ತವೆ, ಗಿಡ ನೆಲದ ಮೇಲೆ ಒರಗಿ ಸುತ್ತಲೂ ಕವಲೊಡೆಯುತ್ತದೆ ಎಂದಾದರೆ ಗ್ರಾಂಜಿಯಾ ಮೆಡರಾಸ್ಪಟಾನಾ ಎಂದು ಬರೆದಿಟ್ಟುಕೊಳ್ಳಿ. ನೀರು ಇಂಗಿದ ಕೆರೆಯಂಗಳ, ಕೊಯ್ಲಾದ ಗದ್ದೆ, ಹೊಳೆಯ ದಂಡೆಯ ಮೆಕ್ಕಲು ಇದರ ನೆಲೆ. ಕಾಯಿಯ ತಲೆಯಲ್ಲಿ ರೋಮದ ಕುಚ್ಚಿನ ಬದಲು ಅಂಚು ಹರಿದಂತಿರುವ ಗಿಡ್ಡ ಬಟ್ಟಲಿರುತ್ತದೆ. ಹತ್ತು ಪಟ್ಟಿನ ಭೂತಕನ್ನಡಿಗೆ ಅದು ಕಷ್ಟಪಟ್ಟು ಸಿಗುತ್ತದೆ, ಆದರೆ ಸಿಗುತ್ತದೆ.

ಇದಕ್ಕೆ ಸಮೀಪವಾಗಿ ಕಾಣುವುದು ಡೈಕ್ರೋಸೆಫಾಲಾ ಇಂಟೆಗ್ರಿಫೋಲಿಯಾ. ಅದರ ಚೆಂಡು ಬಹಳ ಚಿಕ್ಕದು, ಮೂರರಿಂದ ಐದು ಮಿಲಿಮೀಟರು. ಬಣ್ಣವೂ ಎರಡು ತೆರ: ಹೊರಗೆ ಬಿಳಿಯ ಹೆಣ್ಣು ಕಿರುಹೂಗಳು, ನಡುವೆ ಹಸಿರು ಮಿಶ್ರಿತ ಹಳದಿಯ ಕೆಲವೇ ಕಿರುಹೂಗಳು. ಚೆಂಡುಗಳು ತೆಳು ತೊಟ್ಟುಗಳ ಸಡಿಲ ಗೊಂಚಲಿನಲ್ಲಿರುತ್ತವೆ. ಅದು ನೆರಳಿನ ತೇವವನ್ನು ಬಯಸುವ ಗಿಡ, ಬಟ್ಟಬಯಲಿನ ಹೂಳಿನಲ್ಲಿ ನಿರೀಕ್ಷಿಸುವಂಥದ್ದಲ್ಲ.

ಪಾರ್ಥೇನಿಯಂ ಸಸಿಯ ಬಗ್ಗೆ ಕೇಳಿದ್ದೀರಿ. ಅದರ ಎಲೆಗಳೂ ಮೊದಲು ನೆಲದ ಮೇಲೆ ವೃತ್ತಾಕಾರವಾಗಿ ಹರಡುತ್ತವೆ, ಆಳವಾಗಿ ಸೀಳಿರುತ್ತವೆ. ಆದರೆ ನಡುವಿನಿಂದ ಗೆರೆಗೆರೆಯಾದ ನೆಟ್ಟನೆಯ ಕಾಂಡವೊಂದು ಏಳುತ್ತದೆ. ಗ್ರಾಂಜಿಯಾವಾಗಲಿ ಕೊಟುಲಾವಾಗಲಿ ಹಾಗೆ ನೆಟ್ಟಗೆ ಏಳುವುದಿಲ್ಲ, ಬುಡದಿಂದಲೇ ಪಕ್ಕಕ್ಕೆ ಕವಲೊಡೆಯುತ್ತವೆ. ಹೂ ಬಂದ ಮೇಲೆ ಸಂದೇಹವೇ ಬೇಡ. ಪಾರ್ಥೇನಿಯಂನ ಬಿಳಿ ಚೆಂಡಿನ ಅಂಚಿನಲ್ಲಿ ಐದು ಮೂಲೆಗಳಲ್ಲಿ ಐದು ಗಿಡ್ಡ ಎಸಳುಗಳು ಕಾಣುತ್ತವೆ. ಅದನ್ನು ಮುಟ್ಟಿದರೆ ಹಲವರಿಗೆ ಚರ್ಮದಲ್ಲಿ ಅಲರ್ಜಿಯಾಗುತ್ತದೆ, ಪರಾಗದಿಂದ ಉಸಿರಾಟದ ತೊಂದರೆಯೂ ಬರುತ್ತದೆ. ಖಚಿತವಾಗುವ ತನಕ ಸಸಿಗಳನ್ನು ಕೈಗವಸಿಲ್ಲದೆ ಕೀಳಬೇಡಿ.

ನನ್ನ ಬಳಕೆಹೆಸರಿನ ಗಿಡವೂ ಇದೇ ನೆಲದ್ದಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ನೇರಳೆ ಬಣ್ಣದ ಗುಂಡು ಚೆಂಡಿದ್ದು, ಕಾಂಡದ ಉದ್ದಕ್ಕೂ ಎಲೆಯ ಅಂಚು ರೆಕ್ಕೆಯಾಗಿ ಇಳಿದಿದ್ದರೆ ಅದು ಮುಂಡಿ, ಸ್ಫೆರಾಂಥಸ್ ಇಂಡಿಕಸ್. ಅದರ ಗುಂಡು ಒಂದೇ ಹೂಚೆಂಡಲ್ಲ, ಹಲವು ಹೂಚೆಂಡುಗಳು ಒಟ್ಟುಗೂಡಿದ ದೊಡ್ಡ ಚೆಂಡು.

ತೋಡಿನಂಚು

ಮೂವರಿಗೂ ಧನ್ಯವಾದಗಳು. ನೀವು ಹೇಳಿದಂತೆ ಒಂದೊಂದನ್ನೇ ಬಿಡಿಸಿ ನೋಡಿದೆ.

ಗಿಣ್ಣಿನ ಬಿಳಿ ಗೊಂಚಲಿನ ಗಿಡದಲ್ಲಿ ಹಸಿರು ಪತ್ರಗಳ ಬಳೆ ಇಲ್ಲ, ಎಸಳುಗಳು ಕಾಗದದಂತಿವೆ. ಅದರೊಳಗೆ ಚಪ್ಪಟೆಯಾದ, ಹೃದಯದ ಆಕಾರದ ಪುಟ್ಟ ಕಾಯಿ ಇದೆ. ಹೊನಗೊನ್ನೆ ಎಂದು ಒಪ್ಪಿದ್ದೇನೆ. ಗರುಗದ ಕಾಯಿಯ ಮೇಲೆ ಗಂಟುಗಳು ಸ್ಪಷ್ಟವಾಗಿ ಕಂಡವು. ಕಾಯಿಗಳ ನಡುವೆ ಕೂದಲಿನಂತಹ ತೆಳು ಎಳೆಗಳೂ ಇದ್ದವು. ಅವು ಏನು? ಅದೇ ಗುಂಪಿನಲ್ಲಿ ಎಲೆ ಮತ್ತು ಕಾಂಡ ಗರುಗದಂತೆಯೇ ಇದ್ದು ಹಳದಿ ಹೂ ಬಿಟ್ಟ ಗಿಡವೂ ಒಂದಿದೆ. ಹಳದಿ ಗರುಗ ಎಂದು ಕರೆಯುವುದನ್ನು ಕೇಳಿದ್ದೇನೆ, ಅದು ಇದರದೇ ಬಣ್ಣಭೇದವೇ?

ಮೂರನೆಯದರಲ್ಲಿ ಅಂಚಿನ ಕಾಯಿಗಳ ತೊಟ್ಟು ಕಂಡಿತು, ಕಾಯಿ ಉದುರಿದ ಮೇಲೆ ಪೀಠದ ಅಂಚಿನಲ್ಲಿ ಮೊಳೆಗಳು ನಿಂತಿವೆ. ನಾಲ್ಕನೆಯದರ ಚೆಂಡು ಪೂರ್ತಿ ಹಳದಿ, ಎಂಟು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಎರಡನೆಯದರ ಕಾಯಿ ಇನ್ನೂ ಬಲಿತಿಲ್ಲ, ಹಾಗಾಗಿ ಅದನ್ನು ವಾಸನೆಯಿಂದಲೇ ನಿರ್ಧರಿಸಬಹುದೇ? ಹಾಗೆಯೇ, ಗರುಗವನ್ನು ಹಿಸುಕಿದರೆ ಕಪ್ಪಾಗುತ್ತದೆ ಎನ್ನುತ್ತಾರೆ. ಅದು ನಂಬಬಹುದಾದ ಪರೀಕ್ಷೆಯೇ?

ಒಣಹಾಳೆ

ಕಾಯಿಗಳ ನಡುವಿನ ಎಳೆಗಳು ಪೀಠದ ಪತ್ರಗಳು. ಸೂರ್ಯಕಾಂತಿಯ ತೆನೆಯಲ್ಲಿ ಒಂದೊಂದು ಬೀಜವನ್ನೂ ತಬ್ಬಿಕೊಂಡಂತೆ ಒಣಗಿದ ಪೊರೆ ಇರುತ್ತದಲ್ಲ, ಅದೇ ಅಂಗ ಗರುಗದಲ್ಲಿ ಕೂದಲೆಳೆಯಷ್ಟು ಸಣಕಲಾಗಿದೆ. ಇದನ್ನು ಗಮನಿಸಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಇಲ್ಲಿ ಚರ್ಚಿಸಿದ ಗಿಡಗಳನ್ನು ಎರಡಾಗಿ ಒಡೆಯುವ ಗೆರೆ ಅದೇ. ಗರುಗ, ಗ್ಯಾಲಿನ್ಸೋಗಾ, ಟ್ರೈಡ್ಯಾಕ್ಸ್ ಇವೆಲ್ಲ ಸೂರ್ಯಕಾಂತಿಯ ಬಳಗದ ಕಡೆಯವು. ಅವುಗಳಲ್ಲಿ ಎಲೆ ಸಾಮಾನ್ಯವಾಗಿ ಅಭಿಮುಖ, ಪೀಠದ ಮೇಲೆ ಪತ್ರಗಳಿರುತ್ತವೆ. ಸೆಂಟಿಪೀಡಾ, ಕೊಟುಲಾ, ಗ್ರಾಂಜಿಯಾಗಳಲ್ಲಿ ಎಲೆ ಪರ್ಯಾಯ, ಪೀಠ ಬೋಳು. ಹೊಸ ಗಿಡವೊಂದು ಸಿಕ್ಕಾಗ ನಾನು ಮೊದಲು ನೋಡುವುದು ಎಲೆಗಳ ಜೋಡಣೆಯನ್ನು, ಆ ಮೇಲೆ ಕಾಯಿಗಳನ್ನು ಕೆಡವಿ ಪೀಠವನ್ನು. ಎಲೆಯ ಆಕಾರ ನಂಬಿಸಿ ಕೈಕೊಡುತ್ತದೆ, ಎಲೆಗಳ ಜೋಡಣೆ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ಆದರೂ ಒಂದು ಎಚ್ಚರಿಕೆ ಇದೆ: ಕೆಳಗಿನ ಎಲೆಗಳು ಅಭಿಮುಖವಾಗಿದ್ದು ಮೇಲಿನವು ಪರ್ಯಾಯವಾಗುವ ಗಿಡಗಳೂ ಈ ಕುಟುಂಬದಲ್ಲಿವೆ. ಆದ್ದರಿಂದ ಕಾಂಡದ ನಡುಭಾಗವನ್ನೇ ಆಧಾರವಾಗಿಟ್ಟುಕೊಳ್ಳಿ.

ಹಳದಿ ಹೂವಿನದು ಗರುಗದ ಬಣ್ಣಭೇದವಲ್ಲ, ಬೇರೆಯೇ ಕುಲ. ಸ್ಫ್ಯಾಗ್ನೆಟಿಕೋಲಾ ಕ್ಯಾಲೆಂಡುಲೇಸಿಯಾ ಎಂದು ಈಗಿನ ಹೆಸರು. ಹಳೆಯ ಪುಸ್ತಕಗಳಲ್ಲಿ ವೆಡೀಲಿಯಾ ಚೈನೆನ್ಸಿಸ್ ಎಂದು ಸಿಗುತ್ತದೆ. ಎಸಳು ಅಗಲವಾಗಿ ಹಳದಿಯಾಗಿದ್ದು, ಉದ್ದ ತೊಟ್ಟಿನ ಮೇಲೆ ಒಂಟಿ ಹೂಚೆಂಡು ನಿಲ್ಲುತ್ತದೆ. ಅದರ ಎಲೆ ಮೂರು ಹಾಲೆಗಳಾಗಿದ್ದು ಗಿಡ ದಟ್ಟ ಹಾಸಾಗಿ ಹರಡಿದ್ದರೆ ಸ್ಫ್ಯಾಗ್ನೆಟಿಕೋಲಾ ಟ್ರೈಲೊಬೇಟಾ ಇರಬಹುದು. ಅದು ಅಮೆರಿಕದ ಉಷ್ಣವಲಯದಿಂದ ಅಲಂಕಾರಕ್ಕೆಂದು ತಂದು ಈಗ ಕೈಮೀರಿ ಹಬ್ಬಿದ ಗಿಡ. ಎಲ್ಲ ಎಲೆಗಳೂ ಹಾಲೆಯಾಗಿರುವುದಿಲ್ಲವಾದ್ದರಿಂದ ಹಾಸಿನ ಬೇರೆ ಬೇರೆ ಕಡೆಯ ಎಲೆಗಳನ್ನು ನೋಡಿ ನಿರ್ಧರಿಸಿ.

ಕಿರುಹೂ

ಕಪ್ಪಾಗುವ ಪರೀಕ್ಷೆಯ ಬಗ್ಗೆ: ಗರುಗದ ಎಳೆಯ ಕಾಂಡವನ್ನು ಮುರಿದು ಹಿಸುಕಿ ಗಾಳಿಗೆ ಬಿಟ್ಟರೆ ರಸ ಕಪ್ಪಿಗೆ ತಿರುಗುವುದು ನಿಜ. ಆದರೆ ನಾನು ಅದನ್ನು ಸಾಕ್ಷಿಯೆಂದು ಒಪ್ಪುತ್ತೇನೆಯೇ ಹೊರತು ತೀರ್ಪೆಂದು ಒಪ್ಪುವುದಿಲ್ಲ. ಹಿಸುಕಿದಾಗ ಕಪ್ಪಾಗುವ ಗಿಡಗಳು ಬೇರೆಯೂ ಇವೆ, ಎಷ್ಟು ಬೇಗ ಕಪ್ಪಾಗಬೇಕೆಂಬುದಕ್ಕೆ ಅಳತೆಯೂ ಇಲ್ಲ. ಕಾಯಿಯ ಮೇಲಿನ ಗಂಟುಗಳನ್ನು ನೀವು ಆಗಲೇ ಕಂಡಿರುವುದರಿಂದ ಆ ಪರೀಕ್ಷೆಯ ಅಗತ್ಯವೂ ಇಲ್ಲ.

ಸೆಂಟಿಪೀಡಾದ ವಾಸನೆಯ ವಿಷಯದಲ್ಲೂ ನನ್ನ ನಿಲುವು ಅದೇ. ಕಟುವಾಸನೆ ಈ ಕುಟುಂಬದಲ್ಲಿ ಅಪರೂಪವಲ್ಲ. ಮೂಗಿನ ಹತ್ತಿರ ತಂದು ಬಲವಾಗಿ ಎಳೆದುಕೊಳ್ಳುವ ಸಾಹಸ ಬೇಡ, ಹಿಸುಕಿದ ಬೆರಳನ್ನು ದೂರದಿಂದಲೇ ಆಘ್ರಾಣಿಸಿದರೆ ಸಾಕು. ರುಚಿ ನೋಡುವುದಂತೂ ಕೂಡದು. ಈ ಕುಟುಂಬದ ಕೆಲವು ಕಳೆಗಳಲ್ಲಿ, ಉದಾಹರಣೆಗೆ ನೇರಳೆ ಅಥವಾ ಬಿಳಿ ಕುಚ್ಚಿನ ಹೂ ಬಿಡುವ ಅಜರೇಟಮ್ ಕೊನಿಝಾಯ್ಡಿಸ್‌ನಲ್ಲಿ, ಯಕೃತ್ತಿಗೆ ಹಾನಿ ಮಾಡುವ ಪೈರೊಲಿಝಿಡೀನ್ ಆಲ್ಕಲಾಯ್ಡ್‌ಗಳಿವೆ. ಅದೂ ನಿಮ್ಮ ಕಾಲುವೆಯ ದಡದಲ್ಲಿ ಬೆಳೆಯಬಲ್ಲ ಗಿಡವೇ.

ಸೆಂಟಿಪೀಡಾ ಕುಲದಲ್ಲಿ ಸುಮಾರು ಹತ್ತು ಪ್ರಭೇದಗಳಿದ್ದು, ಅವುಗಳಲ್ಲಿ ಬಹುಪಾಲು ಆಸ್ಟ್ರೇಲಿಯದವು. ಕುಲವನ್ನು ಗುರುತಿಸಲು ನಿಮ್ಮ ವಿವರಣೆ ಸಾಕು. ಪ್ರಭೇದವನ್ನು ದೃಢಪಡಿಸಿಕೊಳ್ಳಲು ಬಲಿತ ಕಾಯಿಯೇ ಬೇಕು. ಮಿನಿಮಾದ ಕಾಯಿ ಒಂದು ಮಿಲಿಮೀಟರಿನಷ್ಟಿದ್ದು, ಕೆಳಗೆ ಸಣ್ಣದಾಗಿ ಮೇಲೆ ದಪ್ಪವಾಗಿ, ಉದ್ದಕ್ಕೂ ಏಣುಗಳನ್ನು ಹೊಂದಿರುತ್ತದೆ. ಏಣುಗಳ ಮೇಲೆ ಸಣ್ಣ ರೋಮಗಳಿರುತ್ತವೆ. ಪ್ಯಾಪಸ್ ಇರುವುದಿಲ್ಲ. ಹತ್ತು ಪಟ್ಟಿನ ಭೂತಕನ್ನಡಿಯಲ್ಲಿ ಆಕಾರ ಸಿಗುತ್ತದೆ. ರೋಮಗಳನ್ನು ನೋಡಲು ಇಪ್ಪತ್ತು ಪಟ್ಟಿನದು ಬೇಕು, ಅಥವಾ ಫೋನಿನ ಕ್ಯಾಮೆರಾವನ್ನು ಭೂತಕನ್ನಡಿಯ ಮೇಲಿಟ್ಟು ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿ.

ಈ ಗುಂಪು ದಾರಿ ತಪ್ಪಿಸುವುದು ಹೊಸದೇನಲ್ಲ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ನಿಮ್ಮ ಎರಡನೆಯ ಮತ್ತು ನಾಲ್ಕನೆಯ ಗಿಡಗಳೆರಡನ್ನೂ ಆರ್ಟೆಮಿಸಿಯಾ ಎಂಬ ಒಂದೇ ಕುಲದಲ್ಲಿ ಇರಿಸಿದ್ದರು. ದವನ, ಮಾಚಿಪತ್ರೆಗಳ ಕುಲ ಅದು. ಎಸಳಿಲ್ಲದ ಪುಟ್ಟ ಚೆಂಡುಗಳನ್ನು ಒಟ್ಟಿಗೆ ಸೇರಿಸಿದ್ದು ಅಂದಿಗೆ ಸಹಜವೇ ಆಗಿತ್ತು. ಅವೆರಡೂ ಬೇರೆ ಬೇರೆ ಕುಲಗಳಾಗಿ ನೆಲೆ ನಿಂತದ್ದು ಆ ನಂತರ.

ಮುಂಡಿಗಿಡ

ಕೊನೆಯದಾಗಿ, ಇಟ್ಟುಕೊಳ್ಳುವ ಮಾದರಿಯ ಬಗ್ಗೆ. ಹೂವಿರುವ ಟೊಂಗೆಯೊಂದನ್ನು ಮಾತ್ರ ಕಿತ್ತು ಒಣಗಿಸಿದರೆ ಈ ಗಿಡಗಳಲ್ಲಿ ಪ್ರಯೋಜನವಿಲ್ಲ. ಬೇರುಸಮೇತ ಇಡೀ ಗಿಡವನ್ನು ಮಣ್ಣು ತೊಳೆದು ಹಾಳೆಗಳ ನಡುವೆ ಒತ್ತಿಡಿ, ಗಿಣ್ಣಿನಲ್ಲಿ ಬೇರು ಬಿಟ್ಟಿದ್ದರೆ ಅದೂ ಕಾಣಬೇಕು. ಒಂದೇ ಜಾಗದ ಎಳೆಯ ಗಿಡ, ಹೂ ಬಿಟ್ಟ ಗಿಡ, ಕಾಯಿ ಬಲಿತ ಗಿಡ ಮೂರನ್ನೂ ಒಂದೇ ಹಾಳೆಯಲ್ಲಿ ಜೋಡಿಸಿದರೆ ಮುಂದೆ ಹೂವಿಲ್ಲದ ಸಸಿಯನ್ನು ಕಂಡಾಗ ಹೋಲಿಸಲು ಆಧಾರವಿರುತ್ತದೆ. ಪಾರ್ಥೇನಿಯಂ ಸಸಿಗಳಿಂದ ಬೇರ್ಪಡಿಸುವ ನಿಮ್ಮ ಕಷ್ಟಕ್ಕೂ ಅದೇ ಮದ್ದು. ಕಾಯಿಗಳು ಒಣಗುವಾಗ ಉದುರುವುದರಿಂದ ಅವನ್ನು ಸಣ್ಣ ಕಾಗದದ ಪೊಟ್ಟಣದಲ್ಲಿ ಕಟ್ಟಿ ಅದೇ ಹಾಳೆಗೆ ಅಂಟಿಸಿ. ಪ್ಲಾಸ್ಟಿಕ್ ಚೀಲ ಬೇಡ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಕಳೆದುಹೋಗುವ ಸಂಗತಿಗಳನ್ನು, ಅಂದರೆ ಚೆಂಡಿನ ಬಣ್ಣ, ವಾಸನೆ, ಕಾಂಡ ಒರಗಿತ್ತೋ ನೆಟ್ಟಗಿತ್ತೋ, ನೆಲದಲ್ಲಿ ನೀರು ನಿಂತಿತ್ತೋ ಬರೀ ತೇವವಿತ್ತೋ ಎಂಬುದನ್ನು, ಕಿತ್ತ ದಿನವೇ ಪಕ್ಕದಲ್ಲಿ ಬರೆದಿಡಿ.

ಎರಡನೆಯ ಗಿಡದ ಕಂಕುಳಿನ ಗುಂಡುಗಳು ಕಂದು ಬಣ್ಣಕ್ಕೆ ತಿರುಗಿ, ಬೆರಳು ತಾಗಿದರೆ ಪುಡಿಯಾಗುವ ಹಂತಕ್ಕೆ ಬಂದಾಗ ಕಾಯಿಯ ಚಿತ್ರವನ್ನು ಇಲ್ಲಿ ಹಾಕಿ. ಅಲ್ಲಿಯವರೆಗೆ ಹಾಳೆಯ ಮೇಲೆ ಸೆಂಟಿಪೀಡಾ ಎಂದಷ್ಟೇ ಬರೆದು, ಮುಂದಿನ ಜಾಗವನ್ನು ಖಾಲಿ ಬಿಡಿ.